ತಾನಾಗಿಯೇ ಇಳಿಯುವ ಜ್ವರ

ಯಂತ್ರದ ನಾಡಿ ಹಿಡಿದು, ಇದು ಇಂಥ ತಿಂಗಳು ಕೆಡುತ್ತದೆ ಎಂದು ಮೊದಲೇ ಹೇಳಬಲ್ಲ ವೈದ್ಯನೊಬ್ಬ ಸಿಕ್ಕರೆ ಹೇಗಿರುತ್ತದೆ? ಈಗ ಕಲಬುರಗಿಯ ಜನರನ್ನು ಕೇಳಿದರೆ, "ಛಲೋನೇ ಇರ್ತದ, ಆದ್ರ ಆ ವೈದ್ಯನ ನಾಡಿ ಯಾರ್ ಹಿಡೀಬೇಕು?" ಎಂದು ನಗುತ್ತಾರೆ. ಆದರೆ ಆ ಬೇಸಿಗೆಯಲ್ಲಿ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಬಿಸಿಲು ನಲವತ್ತೈದು ದಾಟುವುದು ಸುದ್ದಿಯಾಗದ ಕಾಲ ಅದು. ನಲವತ್ತೆಂಟಕ್ಕೂ ಜನ ಹುಬ್ಬೇರಿಸುತ್ತಿರಲಿಲ್ಲ. ಬೆಳಗ್ಗೆ ಹತ್ತಕ್ಕೆಲ್ಲ ಅಂಗಡಿಯ ಕದ ಹಾಕಿ, ಓಣಿಗೊಂದರಂತೆ ಕಟ್ಟಿದ್ದ ತಂಪುಮನೆ ಸೇರಿದರೆ ಹೊರಗೆ ಬರುವುದು ಸಂಜೆಗೇ. ದಪ್ಪ ಗೋಡೆಯ, ಅರ್ಧ ನೆಲದೊಳಗೆ ಹೂತಿದ್ದ ದೊಡ್ಡ ಹಜಾರವೇ ತಂಪುಮನೆ. ಅದರ ಹಿತ್ತಲಿನಲ್ಲಿ ಹಗಲೂ ಇರುಳೂ ಗುಂಯ್‌ಗುಡುವ ಒಂದು ತಂಪು ಯಂತ್ರ. ಶಾಲೆ ಅಲ್ಲೇ ನಡೆಯುತ್ತಿತ್ತು, ಸೀರೆ ವ್ಯಾಪಾರ ಅಲ್ಲೇ, ಹೆಣ್ಣು ನೋಡುವ ಶಾಸ್ತ್ರವೂ ಅಲ್ಲೇ. ಮಾತು ಬಿಟ್ಟವರು ಕೂಡ ಮಧ್ಯಾಹ್ನವೆಲ್ಲ ಒಂದೇ ಹಜಾರದಲ್ಲಿ ಎದುರುಬದುರು ಕೂರಬೇಕಾದ್ದರಿಂದ ಊರಿನಲ್ಲಿ ಹಗೆ ಬಹಳ ದಿನ ಬಾಳುತ್ತಿರಲಿಲ್ಲ.

ಈ ತಂಪುಮನೆಗಳನ್ನು ನೋಡಿಕೊಳ್ಳುವ ನಿಗಮದಲ್ಲಿ ಮಹಾನಂದಾ ದುರಸ್ತಿ ಯೋಜನೆಯ ಅಧಿಕಾರಿ. ಯಾವ ಯಂತ್ರಕ್ಕೆ ಯಾವಾಗ ರಿಪೇರಿ, ಯಾವ ಬಿಡಿಭಾಗ ಎಲ್ಲಿಂದ, ಯಾವ ಮೆಕ್ಯಾನಿಕ್ ಎಲ್ಲಿಗೆ ಎಂಬುದನ್ನೆಲ್ಲ ನಿಶ್ಚಯಿಸುವುದು ಅವಳ ಕೆಲಸ. ಹಿಂದೆ ಈ ಕೆಲಸ ಕ್ಯಾಲೆಂಡರ್ ನೋಡಿ ನಡೆಯುತ್ತಿತ್ತು. ಮೂರು ತಿಂಗಳಾಯಿತೋ, ಬೇಕಿರಲಿ ಬೇಡವಾಗಲಿ, ಬಿಚ್ಚಿ ಸರ್ವಿಸ್ ಮಾಡು. ಹೊಟ್ಟೆನೋವು ಇಲ್ಲದವನಿಗೂ ಮಾತ್ರೆ ನುಂಗಿಸಿದ ಹಾಗೆ. ಆ ಪದ್ಧತಿಗೆ ಮಂಗಳ ಹಾಡಿದ್ದು 'ನಾಡಿ'.

ನಾಡಿ ಎಂದರೆ ಒಂದು ಕೃತಕ ಬುದ್ಧಿ. ಪ್ರತಿ ಯಂತ್ರದ ಮೈಗೆ ಗುಂಡಿಯಷ್ಟು ದೊಡ್ಡ ಸಂವೇದಕಗಳನ್ನು ಅಂಟಿಸಿದ್ದರು. ಅದರ ನಡುಕ, ಅದು ಎಳೆಯುವ ಕರೆಂಟು, ಅದರೊಳಗಿನ ಅನಿಲದ ಒತ್ತಡ ಎಲ್ಲವನ್ನೂ ನಾಡಿ ಕಂಟ್ರೋಲ್ ರೂಮಿನಲ್ಲಿ ಕೂತು ಆಲಿಸುತ್ತಿತ್ತು. ಎಂಟು ವರ್ಷಗಳ ಅಂಕಿಗಳನ್ನು ಅರೆದು ಕುಡಿದಿದ್ದ ಅದು, ಈ ಯಂತ್ರಕ್ಕೆ ಇನ್ನು ಇಷ್ಟು ಆಯಸ್ಸು, ಈ ಬೇರಿಂಗ್ ದೀಪಾವಳಿ ಹೊತ್ತಿಗೆ ಹೋಗುತ್ತದೆ ಎಂದು ಹೇಳಿದರೆ ಹಾಗೆಯೇ ಆಗುತ್ತಿತ್ತು. ಮೆಕ್ಯಾನಿಕ್‌ಗಳ ಸಂಖ್ಯೆ ಇಳಿಯಿತು, ಉಗ್ರಾಣ ಖಾಲಿಯಾಯಿತು, ನಿಗಮದ ಹೆಸರು ಮೇಲೇರಿತು.

ಆ ಮೇಲೇರಿಕೆಯಲ್ಲಿ ಮಹಾನಂದಾಳದೂ ಒಂದು ಪಾಲಿತ್ತು. ಪ್ರತಿ ಅಮಾವಾಸ್ಯೆಯ ಬೆಳಗ್ಗೆ ತಂಪುಮನೆಯ ಆಪರೇಟರುಗಳು ಪೂಜೆಗೆಂದು ಯಂತ್ರವನ್ನು ಎರಡು ತಾಸು ನಿಲ್ಲಿಸುವುದು ಮೊದಲಿನಿಂದ ಬಂದ ಪದ್ಧತಿ. ಈ ಭಾಗದಲ್ಲಿ ಲಾರಿಯಿರಲಿ, ಹಿಟ್ಟಿನ ಗಿರಣಿಯಿರಲಿ, ಅಮಾವಾಸ್ಯೆಯ ದಿನ ಅದಕ್ಕೊಂದು ನಿಂಬೆಹಣ್ಣು ಕಟ್ಟದೆ ಯಾರೂ ಕೆಲಸ ಶುರು ಮಾಡುವುದಿಲ್ಲ. ನಿಗಮದ ದಾಖಲೆಯಲ್ಲಿ ಅದು 'ಸ್ಥಳೀಯ ಕಾರಣದಿಂದ ಸ್ಥಗಿತ' ಎಂದಷ್ಟೇ ಇರುತ್ತಿತ್ತು. ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗಲೆಲ್ಲ ಕಂಪ್ರೆಸರ್ ಸವೆಯುತ್ತದೆ. ಇದನ್ನು ಬಿಟ್ಟರೆ ಆಯಸ್ಸು ಹೆಚ್ಚೀತೇ ಎಂದು ಮಹಾನಂದಾ ನಾಡಿಯನ್ನು ಕೇಳಿದಳು. ಹೆಚ್ಚುತ್ತದೆ ಎಂದಿತು. ದೀಪಾವಳಿ ಮುಗಿಯುತ್ತಲೇ ಅವಳ ಆದೇಶ ಹೊರಟಿತು: ಊದುಬತ್ತಿ ಹಚ್ಚಿ ಕೈ ಮುಗಿಯಲು ಅಡ್ಡಿಯಿಲ್ಲ, ಯಂತ್ರ ಮಾತ್ರ ನಿಲ್ಲಕೂಡದು. ದೈವಭಕ್ತಿಯಲ್ಲಿ ಮಹಾನಂದಾ ಯಾರಿಗೂ ಕಡಿಮೆಯವಳಲ್ಲ. ಮನೆಯಲ್ಲಿ ಅಮಾವಾಸ್ಯೆಗೆ ಅವಳೂ ಹೋಳಿಗೆ ಮಾಡುತ್ತಿದ್ದಳು. ಮನೆಯದು ಮನೆಗೆ, ಆಫೀಸಿನದು ಆಫೀಸಿಗೆ ಎಂಬುದು ಅವಳ ಲೆಕ್ಕ. ಆ ಆದೇಶಕ್ಕೆ ಮೇಲಿನವರು ಬೆನ್ನು ತಟ್ಟಿದರು. ಏಳು ಜಿಲ್ಲೆಗಳ ಯೋಜನಾ ಮುಖ್ಯಸ್ಥೆಯ ಕುರ್ಚಿ ಅವಳಿಗೇ ಎಂದು ಆಫೀಸಿನಲ್ಲಿ ಗುಸುಗುಸು ಎದ್ದಿತು.

ವೈಶಾಖದ ಒಂದು ಮಧ್ಯಾಹ್ನ ಶಹಾಬಜಾರದ ತಂಪು ಯಂತ್ರ ಹೇಳದೆ ಕೇಳದೆ ನಿಂತಿತು. ಮರುದಿನ ಸ್ಟೇಷನ್ ಕಡೆಯದು. ಎರಡಕ್ಕೂ ಇನ್ನು ಎರಡು ವರ್ಷ ಕೈ ಹಚ್ಚುವ ಅಗತ್ಯವಿಲ್ಲ ಎಂದು ನಾಡಿ ಬರೆದುಕೊಟ್ಟಿತ್ತು. ಎರಡೂ ಕಡೆ ಜನರನ್ನು ಪಕ್ಕದ ಓಣಿಯ ತಂಪುಮನೆಗಳಿಗೆ ಸಾಗಿಸಿದರು, ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೂ ಮಹಾನಂದಾ ಕೂಡಲೇ ಕಂಟ್ರೋಲ್ ರೂಮಿಗೆ ಓಡಿದಳು.

"ನೂರು ಮಷೀನ್‌ನಾಗ ಎರಡು ಕೆಟ್ಟಾವ, ಅದಕ್ಯಾಕ ಇಷ್ಟು ತಲಿ ಕೆಡಿಸ್ಕೊಂತೀರಿ?" ಎಂದರು ಮುಖ್ಯ ಎಂಜಿನಿಯರ್ ಜಾಗೀರದಾರ ಸಾಹೇಬರು, ಕಂಟ್ರೋಲ್ ರೂಮಿನ ದೊಡ್ಡ ಪರದೆಯತ್ತ ಕೈ ತೋರಿಸಿ. ಪರದೆಯ ಮೇಲೆ ಊರಿನ ತಂಪುಮನೆಗಳೆಲ್ಲ ಹಸಿರು ಚುಕ್ಕೆಗಳಾಗಿ ಮಿನುಗುತ್ತಿದ್ದವು. ಸಾಹೇಬರು ಮೆತ್ತನೆಯ ಮಾತಿನವರು, ಆದರೆ ಖಾತ್ರಿಯಾಗದೆ ಒಂದು ಸ್ಕ್ರೂ ಕೂಡ ತಿರುಗಿಸುವವರಲ್ಲ.

"ಎರಡೂ ಒಂದೇ ಥರ ನಿಂತಾವ ಸಾಹೇಬ್ರ. ಒತ್ತಡ ಏರಿ ಟ್ರಿಪ್ ಆಗ್ಯಾವ. ಉಳಿದ ಮಷೀನ್‌ದಾಗೂ ಒತ್ತಡ ಏರ್ಲಾಕತ್ತದ."

"ಬಿಸಲಿಗಿ ಏರೇ ಏರ್ತದ. ನಾಡಿ ಏನ್ ಹೇಳ್ತದ?"

ನಾಡಿ ಹೇಳುವುದನ್ನು ಮಹಾನಂದಾ ಬೆಳಗ್ಗೆಯೇ ಓದಿದ್ದಳು. 'ಋತುಮಾನದ ಏರಿಕೆ. ತಾನಾಗಿಯೇ ಇಳಿಯುತ್ತದೆ. ಕ್ರಮ ಅಗತ್ಯವಿಲ್ಲ.'

ಅಷ್ಟರಲ್ಲಿ ಹವಾಮಾನದವರ ಎಚ್ಚರಿಕೆ ಬಂತು. ಬರುವ ವಾರ ಕೆಂಪು ದಿನಗಳು. ಐವತ್ತು ದಾಟಬಹುದು.

ಅಂದು ಸಂಜೆ ಅವಳು ನೇರ ಬ್ರಹ್ಮಪುರದ ತಂಪುಮನೆಗೆ ಹೋದಳು. ತಂಗಿ ಸುಗಲಾ ಅಲ್ಲಿ ಬಾಣಂತಿ. ಕೂಸು ಹುಟ್ಟಿ ಇನ್ನೂ ಹೆಸರಿಟ್ಟಿರಲಿಲ್ಲ. ಎಳೆಗೂಸನ್ನು ಹಿಡಿದುಕೊಂಡು ದಿನಾ ಮನೆಗೂ ತಂಪುಮನೆಗೂ ಅಲೆಯಲಾಗದು ಎಂದು ಬಾಣಂತಿಯರಿಗೆ ಹಜಾರದ ಒಂದು ಮೂಲೆಯನ್ನು ಪರದೆ ಕಟ್ಟಿ ಬಿಟ್ಟುಕೊಟ್ಟಿದ್ದರು. ಅವ್ವ ಅಲ್ಲೇ ಬೀಡುಬಿಟ್ಟಿದ್ದಳು. ಹೊರಗೆ ನೆಲ ಕಾದು ಕಾವಲಿಯಾಗಿರುವಾಗ ಒಳಗೆ ಅವ್ವ ಮಗಳ ಕಿವಿಗೆ ಉಲ್ಲನ್ ಸ್ಕಾರ್ಫು ಬಿಗಿದು, ಮೈತುಂಬ ಹೊದಿಸಿ, ಬಾಣಂತಿಗೆ ಥಂಡಿ ಆಗಬಾರದೆಂದು ಕಾವಲು ಕೂತಿದ್ದಳು.

"ಅಕ್ಕಾ, ಅವ್ವಗ ಒಂದ್ ಮಾತ್ ಹೇಳು. ಅಗ್ಗಿಷ್ಟಿಗಿ ತರಸ್ತೀನಿ ಅಂತಾಳ," ಎಂದು ಸುಗಲಾ ಅಳುಮೋರೆ ಮಾಡಿದಳು.

"ಅಗ್ಗಿಷ್ಟಿಗಿ ಇಲ್ಲದ ಬಾಣಂತನ ನಾ ಎಲ್ಲೂ ಕೇಳಿಲ್ಲ," ಎಂದಳು ಅವ್ವ. "ಈಗೊಂದ್ ನಾಕ್ ದಿನದಿಂದ ಭೇಷ್ ಅದ ನೋಡು. ಮೊದಲಿನಂಗ ಥಂಡಿ ಗಾಳಿ ಬರಲ್ದು. ಹದ ಆಗ್ಯಾದ."

ಮಹಾನಂದಾ ಗೋಡೆಯ ಕಿಂಡಿಗೆ ಅಂಗೈ ಒಡ್ಡಿದಳು. ಅವ್ವ ಹೇಳಿದ್ದು ಖರೆ. ಗಾಳಿ ಬರುತ್ತಿತ್ತು, ಅದರಲ್ಲಿ ಕಸುವಿರಲಿಲ್ಲ. ಕೂಸಿನ ಕುತ್ತಿಗೆಯ ಮಡಿಕೆಯಲ್ಲಿ ಸಣ್ಣಗೆ ಬೆವರುಸಾಲೆ ಎದ್ದಿತ್ತು. ಹಿತ್ತಲಿನ ಯಂತ್ರ ಗುಂಯ್‌ಗುಡುತ್ತಲೇ ಇತ್ತು, ಆದರೆ ಏದುಸಿರು ಬಿಡುವವರ ಹಾಗೆ. ಐವತ್ತು ದಾಟಿದ ದಿನ ಈ ಯಂತ್ರ ಮಧ್ಯಾಹ್ನ ನಿಂತರೆ ಈ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಓಡುವುದು? ಪಕ್ಕದ ಓಣಿಯದೂ ನಿಂತಿದ್ದರೆ? ಅವಳಿಗೆ ಮೊದಲ ಬಾರಿ ನಾಡಿಯ ಮೇಲೆ ಸಿಟ್ಟು ಬಂತು, ಭಯವೂ ಆಯಿತು.

ಮರುದಿನ ಬೆಳಗ್ಗೆ ಅವಳು ಕಂಟ್ರೋಲ್ ರೂಮಿನಲ್ಲಿ ಕೂತು ಎಲ್ಲ ಯಂತ್ರಗಳ ಒತ್ತಡವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಳು. ಎಲ್ಲವೂ ಏರಿದ್ದವು. ಒಂದು ಮಾತ್ರ ಏರಿರಲಿಲ್ಲ. ಅದು ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಹಿಂದಿನ ತಂಪುಮನೆಯದು. ಅವಳಿಗೆ ನಂಬಿಕೆ ಬರಲಿಲ್ಲ. ಗಂಜಿನ ಸುತ್ತ ತೊಗರಿಬೇಳೆ ಮಿಲ್ಲುಗಳು. ಊರಿನಲ್ಲೇ ಅತಿ ಹೆಚ್ಚು ದೂಳು ಹಾರುವ ಜಾಗ. ಅಲ್ಲಿನ ಯಂತ್ರ ಎಲ್ಲಕ್ಕಿಂತ ಮೊದಲು ಸುಸ್ತಾಗಬೇಕಿತ್ತು. ಸಂವೇದಕವೇ ಕೆಟ್ಟಿರಬೇಕು ಎಂದುಕೊಂಡು ಆಟೋ ಹತ್ತಿದಳು.

ಗಂಜಿನ ಆಪರೇಟರ್ ಚಂದಮ್ಮ. ನಡುವಯಸ್ಸು ದಾಟಿದ, ಗಟ್ಟಿ ದನಿಯ ಹೆಣ್ಣುಮಗಳು. ಆಫೀಸಿನ ಮೇಡಂ ಹಿತ್ತಲಿಗೇ ನುಗ್ಗಿದ್ದು ಕಂಡು ಅವಳು ಸರಕ್ಕನೆ ಯಂತ್ರಕ್ಕೆ ಬೆನ್ನು ಹಚ್ಚಿ ನಿಂತಳು. ಆದರೆ ಯಂತ್ರ ದೊಡ್ಡದು, ಚಂದಮ್ಮ ಸಣ್ಣವಳು. ಅವಳ ತಲೆಯ ಮೇಲಿಂದ ಮೂರು ಬೆರಳ ವಿಭೂತಿ ಕಾಣುತ್ತಿತ್ತು, ಭುಜದ ಪಕ್ಕದಿಂದ ಒಣಗಿದ ನಿಂಬೆಹಣ್ಣು ಇಣುಕುತ್ತಿತ್ತು.

"ತಪ್ಪಾಗ್ಯಾದ್ರಿ ಮೇಡಂ," ಎಂದಳು ಕೇಳುವ ಮೊದಲೇ.

"ಏನ್ ತಪ್ಪಾಗ್ಯಾದ?"

"ನೀವು ಬ್ಯಾಡಂದ್ರೂ ನಾ ಬಿಟ್ಟಿಲ್ರಿ. ಅಮಾಸಿಗೊಮ್ಮಿ ನಿಂದರ್ಸೀನಿ."

"ಹಿಂದಿನ ತಿಂಗಳ ಇಲ್ಲಿ ಕರೆಂಟ್ ಹೋಗಿತ್ತು ಅಂತ ಬರದೀರಿ. ಅದರ ಹಿಂದಿನ ತಿಂಗಳೂ ಕರೆಂಟ್. ಊರಿಗೆಲ್ಲಾ ಕರೆಂಟ್ ಇದ್ದಾಗ ನಿಮಗೊಬ್ಬರಿಗೇ ಅಮಾಸಿ ದಿನ ಹೋಗ್ತದೇನು?"

ಚಂದಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಂಜಿಕಿ ಬಂತ್ರಿ. ಮುನ್ನೂರು ಮಂದಿ ಜೀವ ಇದರ ಮ್ಯಾಲ ಅದ. ಪೂಜಾ ಬಿಟ್ಟು ಏನರ ಆದ್ರ ನಾ ಯಾರಿಗಿ ಮಾರಿ ತೋರ್ಸಲಿ? ನೌಕರಿಯಿಂದ ತೆಗೀಬ್ಯಾಡ್ರಿ."

ಮಹಾನಂದಾಳ ಕಣ್ಣು ಯಂತ್ರದ ಹಿಂಬದಿಯ ಜಾಲರಿಯ ಮೇಲಿತ್ತು. ಒಳಗಿನ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಡುವ ತೆಳ್ಳನೆಯ ಅಲ್ಯುಮಿನಿಯಂ ಪಟ್ಟಿಗಳ ಸಾಲು ಅದು. ಆ ಪಟ್ಟಿಗಳ ನಡುವೆ ಗಾಳಿ ಸಲೀಸಾಗಿ ಆಡಿದರೆ ಮಾತ್ರ ಯಂತ್ರಕ್ಕೆ ಉಸಿರು. ಇಲ್ಲಿ ಒಂದೊಂದು ಪಟ್ಟಿಯೂ ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿತ್ತು.

"ಪೂಜಾ ಅಂದ್ರ ಏನ್ ಮಾಡ್ತೀರಿ ಚಂದಮ್ಮ? ವಿಭೂತಿ, ನಿಂಬಿಕಾಯಿ, ಟೆಂಗಿನಕಾಯಿ. ಅಷ್ಟೇ ಅಲ್ಲ?"

"ಅಷ್ಟೇ ಹ್ಯಾಂಗಾಗ್ತದ್ರಿ? ಮೈ ತೊಳೀದೇ ವಿಭೂತಿ ಹಚ್ಚಲಾಕ ಬರ್ತದೇನು? ಮೊದಲ ಜಳಕ ಮಾಡಸ್ಬೇಕಲ್ರಿ. ಮಷೀನ್‌ದಿಂದಲೇ ತೊಟ್ಟಿಕ್ಕಿದ ನೀರು ಟಾಕಿನ್ಯಾಗ ತುಂಬಿರ್ತದ. ಪೈಪ್ ಹಚ್ಚಿ ಬೆನ್ನ ಮ್ಯಾಲೆಲ್ಲಾ ಬಿಡ್ತೀನಿ. ಮೊದಲ ಕೆಂಪನ ನೀರ್ ಇಳೀತದ್ರಿ, ಬರೇ ತೊಗರಿ ಹೊಟ್ಟು. ತಿಳಿ ನೀರ್ ಬರೋತನ ಬಿಡ್ತೀನಿ. ಎಲ್ಲಾ ಆಪರೇಟರೂ ಹಿಂಗೇ ಮಾಡ್ತಿದ್ದರ್ರೀ, ನೀವು ಬಂದ್ ಮಾಡೋತನ."

ಮಹಾನಂದಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಮೇಡಂಗೆ ಬಿಸಿಲು ಬಡಿಯಿತೆಂದು ಗಾಬರಿಯಾಗಿ ಚಂದಮ್ಮ ಒಂದು ತಂಬಿಗೆ ನೀರು ತಂದುಕೊಟ್ಟಳು.

ನೀರು ಕುಡಿದು ಅವಳು ಪಕ್ಕದ ಓಣಿಯ ತಂಪುಮನೆಗೆ ನಡೆದಳು. ಅಲ್ಲಿನ ಆಪರೇಟರ್ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದ. ಯಂತ್ರದ ಜಾಲರಿ ಕಾಣುತ್ತಲೇ ಇರಲಿಲ್ಲ. ಸುಗ್ಗಿ ಕಾಲದಿಂದ ಹಾರಿಬಂದ ಹೊಟ್ಟೂ ದೂಳೂ ಸೇರಿ ಅದರ ಮೇಲೊಂದು ಕಂಬಳಿ ನೇಯ್ದಿದ್ದವು. ಬೆವರುವ ಬಿಸಿಲಿನಲ್ಲಿ ಕಂಬಳಿ ಹೊದ್ದು ನಿಂತ ಯಂತ್ರಕ್ಕೆ ಏದುಸಿರು ಬಾರದೆ ಇನ್ನೇನು ಬಂದೀತು?

ಕಂಟ್ರೋಲ್ ರೂಮಿಗೆ ಮರಳುವಷ್ಟರಲ್ಲಿ ಅವಳಿಗೆ ಎಲ್ಲ ಬಿಡಿಬಿಡಿಯಾಗಿ ತಿಳಿಯಾಗಿತ್ತು. ಎಂಟು ವರ್ಷ ನಾಡಿ ನೋಡಿದ್ದು ಇಷ್ಟೇ: ಒತ್ತಡ ಮೆಲ್ಲಗೆ ಏರುತ್ತದೆ, ತಿಂಗಳಿಗೊಮ್ಮೆ ಯಾರೂ ಏನೂ ಮಾಡದೆ ತಾನಾಗಿ ಇಳಿಯುತ್ತದೆ. ಪೂಜೆಯನ್ನು ಯಾರೂ ದುರಸ್ತಿ ಎಂದು ಬರೆದಿರಲಿಲ್ಲ. ಮಾಡುವವರಿಗೇ ಅದು ದುರಸ್ತಿ ಎಂದು ಗೊತ್ತಿರಲಿಲ್ಲ. ಹಾಗಾಗಿ ಇದು ಯಂತ್ರಗಳ ಹುಟ್ಟುಗುಣ, ಬಂದುಹೋಗುವ ಜ್ವರ ಎಂದು ನಾಡಿ ಕಲಿತುಬಿಟ್ಟಿತ್ತು. ಕಲಿತದ್ದನ್ನು ತಿದ್ದಿಕೊಳ್ಳಲು ಅದಕ್ಕೆ ಅವಕಾಶವಿದ್ದದ್ದು ವರ್ಷಕ್ಕೊಮ್ಮೆ, ಮಳೆಗಾಲದ ತಪಾಸಣೆಯ ನಂತರ. ಅಲ್ಲಿಯವರೆಗೆ ಅದರ ಪಾಠಕ್ಕೆ ಬೀಗ. ಚಳಿಗಾಲದಲ್ಲಿ ಯಂತ್ರಗಳಿಗೆ ಹೊರೆಯಿರಲಿಲ್ಲವಾದ್ದರಿಂದ ಯಾರಿಗೂ ಏನೂ ಕಾಣಿಸಲಿಲ್ಲ.

ಅವಳು ಜಾಗೀರದಾರ ಸಾಹೇಬರನ್ನು ಕರೆದು, ಅವರೆದುರಿಗೇ ನಾಡಿಗೆ ಒಂದು ಪ್ರಶ್ನೆ ಹಾಕಿದಳು. ಒತ್ತಡ ತಾನಾಗಿ ಇಳಿಯದೇ ಹೋದರೆ?

ನಾಡಿ ಎಂದೂ ತಡಮಾಡುತ್ತಿರಲಿಲ್ಲ, ಆಗ ಮಾತ್ರ ತುಸು ತಡೆಯಿತು. ಆಮೇಲೆ ಪರದೆಯ ಮೇಲೆ ಅಕ್ಷರ ಮೂಡಿದವು. 'ಇಳಿಯದ ಉದಾಹರಣೆ ನನ್ನ ಬಳಿ ಇಲ್ಲ. ಇಳಿಯದು ಎಂದು ಭಾವಿಸಿದರೆ ಲೆಕ್ಕ ಹೀಗಿದೆ.' ಹಸಿರು ಚುಕ್ಕೆಗಳು ಒಂದೊಂದಾಗಿ ಕೆಂಪಾದವು. ಕೆಂಪು ದಿನದ ನಡುಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಊರು ಕೆಂಪಾಗಿತ್ತು. ಬ್ರಹ್ಮಪುರದ ಚುಕ್ಕೆ ಬೇಗನೆ ಕೆಂಪಾದವುಗಳಲ್ಲೊಂದು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಪೂಜಾ ಬಂದ್ ಮಾಡ್ಲಾಕ ಆರ್ಡರ್ ತೆಗದವರು ಯಾರು?"

"ನಾನೇ ಸಾಹೇಬ್ರ. ಸಹಿ ನಂದೇ ಅದ. ನಾಡಿಗಿ ಕೇಳಿದೆ, ಆಪರೇಟರಿಗಿ ಕೇಳ್ಲಿಲ್ಲ. ತಪ್ಪು ನಂದು."

"ಅದು ಆಮ್ಯಾಲ ನೋಡಮ್ರಿ. ಈಗ ಏನಂತೀರಿ?"

"ಎಲ್ಲಾ ಮಷೀನ್ ನಿಂದರ್ಸಿ ತೊಳೀಬೇಕು. ನಾಳಿ ಹೊತ್ತು ಮೂಡೋ ಟೈಮಿಗಿ. ಒಂದೇ ಬೆಳಿಗ್ಗಿ."

"ಈ ಬಿಸಲಾಗ, ಊರಿಗೂರೇ?" ಸಾಹೇಬರ ದನಿ ಮೊದಲ ಬಾರಿ ಏರಿತು. "ಇಷ್ಟು ದಣಿದ ಮಷೀನ್ ಒಮ್ಮಿ ನಿಂತ್ರ ಮತ್ತ ಏಳ್ತದಂತ ಗ್ಯಾರಂಟಿ ಅದ ಏನು? ಏಳ್ದೇ ಹೋದ್ರ ನಾವೇ ಕೈಯಾರೆ ಜನರನ್ನ ಸುಟ್ಟಂಗಾಗ್ತದ."

ಅವರ ಭಯ ಸುಳ್ಳಾಗಿರಲಿಲ್ಲ. ಕೆಲವು ಏಳಲಾರವು ಎಂದು ನಾಡಿಯೂ ಹೇಳಿತು. ನಿಲ್ಲಿಸದಿದ್ದರೆ ಕೆಡುವವು ಎಷ್ಟು, ನಿಲ್ಲಿಸಿದರೆ ಏಳದವು ಎಷ್ಟು ಎಂಬ ಎರಡೂ ಅಂಕಿಗಳನ್ನು ಮಹಾನಂದಾ ಅವರ ಮುಂದಿಟ್ಟಳು. ತಂಗಿ ಅಲ್ಲಿದ್ದಾಳೆ, ಕೂಸು ಅಲ್ಲಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು. ಪ್ರತಿ ತಂಪುಮನೆಯಲ್ಲೂ ಯಾರದೋ ತಂಗಿ, ಯಾರದೋ ಕೂಸು ಇದ್ದೇ ಇತ್ತು.

ಸಾಹೇಬರು ಎರಡೂ ಅಂಕಿಗಳನ್ನು ಮತ್ತೆ ಓದಿ ಕೇಳಿದರು, "ನಮ್ಮ ಬಲ್ಲಿ ಇರೋ ಮೆಕ್ಯಾನಿಕ್ ಬೆರಳೆಣಿಕಿ ಮಂದಿ. ತೊಳಿಯೋರು ಯಾರು?"

"ತೊಳಿಯೋರು ಎಲ್ಲಾ ಓಣ್ಯಾಗೂ ಅದಾರ್ರಿ. ನಾ ಬ್ಯಾಡಂದೋರೇ."

ಸಾಹೇಬರು ಸಹಿ ಹಾಕಿದರು.

ಆದರೆ ಆಪರೇಟರುಗಳನ್ನು ಒಪ್ಪಿಸುವುದು ಸಾಹೇಬರನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ಎಲ್ಲರನ್ನೂ ಫೋನಿನ ಪರದೆಯ ಮೇಲೆ ಒಟ್ಟಿಗೆ ಕೂಡಿಸಿ ಮಹಾನಂದಾ ವಿಷಯ ಹೇಳಿದಳು. ತಕರಾರು ಶುರುವಾಯಿತು.

"ಅಮಾಸಿ ಇನ್ನಾ ದೂರ ಅದಲ್ರಿ ಮೇಡಂ. ಅಮಾಸಿ ಇಲ್ಲದ ಪೂಜಾ ಹ್ಯಾಂಗ್ ಮಾಡಬೇಕು?"

"ಬ್ಯಾಡಂದೋರೂ ನೀವೇ, ಮಾಡ್ರಿ ಅನ್ನೋರೂ ನೀವೇ. ನಾವೇನ್ ಗೊಂಬಿ ಏನ್ರಿ?"

ಆ ಎರಡನೆಯ ಮಾತು ಮಹಾನಂದಾಳಿಗೆ ನಾಟಿತು. ಇಂಥ ಹೊತ್ತಿನಲ್ಲಿ ಅಧಿಕಾರಿಗಳು ಸಾಮಾನ್ಯವಾಗಿ ಆದೇಶದ ಸಂಖ್ಯೆ ಹೇಳುತ್ತಾರೆ. ಅವಳು ಹಾಗೆ ಮಾಡಲಿಲ್ಲ. "ನಿಮ್ಮ ಸಿಟ್ಟು ಸರೀನೇ ಅದ," ಎಂದಳು. "ನಾ ನಿಮ್ಮ ಕೆಲಸ ಕಣ್ಣಿಲೆ ನೋಡ್ದೇ ಬಂದ್ ಮಾಡ್ದೆ. ನೀವು ಮಾಡೂದು ಬರೇ ಪೂಜಾ ಅಂತ ತಿಳಕೊಂಡಿದ್ದೆ. ಎಂಟು ವರ್ಷ ಈ ಊರು ತಂಪಿರೂದಕ್ಕ ನೀವೂ ಕಾರಣ. ತಪ್ಪಾಗ್ಯಾದ. ಈಗ ಕೈ ಮುಗದು ಕೇಳ್ಲಾಕತ್ತೀನಿ."

ಆಗ ಕೇಳಿದ್ದು ಚಂದಮ್ಮನ ಗಟ್ಟಿ ದನಿ.

"ಮನ್ಯಾಗ ಕೂಸಿಗಿ ಜ್ವರ ಬಂದ್ರ ಹಣಿ ಒರಸ್ಲಾಕ ಪಂಚಾಂಗ ತೆಗದು ಕುಂದರ್ತೀರೇನ್ರೋ? ಅಮಾಸಿ ಬಂದಾಗ ಅಮಾಸಿದು ಬ್ಯಾರೆ ಮಾಡಮ್. ನಾಳಿ ಬರೇ ಮೈ ತೊಳೀಮ್. ಹೂಂ ಅನ್ರಿ."

ಹೂಂ ಎನ್ನುವ ಸದ್ದು ಒಂದೊಂದಾಗಿ ಬಂದು, ಕೊನೆಗೆ ಎಲ್ಲ ಕಡೆಯಿಂದಲೂ ಬಂತು.

ಮರುದಿನ ಮೂಡಣ ಕೆಂಪೇರುವಾಗ ಮಹಾನಂದಾ ಬ್ರಹ್ಮಪುರದ ಹಿತ್ತಲಿನಲ್ಲಿದ್ದಳು. ಆಪರೇಟರ್ ಗುಂಡಿ ಒತ್ತಿದ. ಯಂತ್ರ ಒಮ್ಮೆ ನಡುಗಿ ಸುಮ್ಮನಾಯಿತು. ಆ ಓಣಿಯವರು ಎಷ್ಟೋ ತಿಂಗಳಿಂದ ಕೇಳದ ನಿಶ್ಶಬ್ದ ಅದು. ಒಳಗಿನಿಂದ ತಕ್ಷಣ ಕೂಸಿನ ಅಳು ಕೇಳಿಬಂತು. ಗುಂಯ್ ಎನ್ನುವ ಸದ್ದಿನಲ್ಲೇ ಹುಟ್ಟಿ ಬೆಳೆಯುತ್ತಿದ್ದ ಅದಕ್ಕೆ ನಿಶ್ಶಬ್ದವೇ ಹೊಸದು, ಹೆದರಿಬಿಟ್ಟಿತ್ತು.

ತೊಟ್ಟಿಯ ನೀರು ಸಾಲದೆ ಬಂತು. ಓಣಿಯ ಹೆಂಗಸರು ಯಾರೂ ಹೇಳದೆ ಮನೆಯಿಂದ ಕೊಡ ಹೊತ್ತು ತಂದರು. ಗಂಡಸರು ಸಾಲು ನಿಂತು ಕೈಯಿಂದ ಕೈಗೆ ದಾಟಿಸಿದರು. ಜಾಲರಿಯಿಂದ ಮೊದಲು ಕೆಸರಿನಂಥ ನೀರು ಇಳಿಯಿತು, ಆಮೇಲೆ ಕೆಂಪು, ಆಮೇಲೆ ಚಹಾದ ಬಣ್ಣ. ಮಹಾನಂದಾಳ ಸೀರೆ ಮೊಣಕಾಲವರೆಗೆ ತೊಯ್ದು ಹೊಟ್ಟು ಮೆತ್ತಿಕೊಂಡಿತ್ತು. ತಿಳಿ ನೀರು ಬರುವ ಹೊತ್ತಿಗೆ ಬಿಸಿಲು ಗೋಡೆಯ ಮೇಲೆ ಹತ್ತಿತ್ತು. ಒಳಗೆ ಅವ್ವ ತಾನಾಗಿಯೇ ಸುಗಲಾಳ ಸ್ಕಾರ್ಫು ಬಿಚ್ಚಿ ಅದರಿಂದಲೇ ಕೂಸಿಗೆ ಗಾಳಿ ಬೀಸುತ್ತಿದ್ದಳು.

ಆಪರೇಟರ್ ಗುಂಡಿ ಒತ್ತಿದ. ಯಂತ್ರ ಗುರ್ ಎಂದು ನಿಂತುಹೋಯಿತು.

"ಒಳಗಿನ ಒತ್ತಡ ಸಮಾ ಆಗಬೇಕು, ತಡೀರಿ," ಎಂದಳು ಮಹಾನಂದಾ. ದನಿ ತನ್ನದಲ್ಲವೆನಿಸಿತು. ಕಾಯುವುದರ ಹೊರತು ಮಾಡಲು ಏನೂ ಇರಲಿಲ್ಲ. ಓಣಿಯ ಜನ ಖಾಲಿ ಕೊಡ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು. ಒಳಗೆ ಕೂಸು ಅಳುತ್ತಲೇ ಇತ್ತು. ನಾನೇ ಹೇಳಿ ನಿಲ್ಲಿಸಿದೆ, ಈಗ ಏಳದಿದ್ದರೆ ತಂಗಿಯ ಮುಖ ಹೇಗೆ ನೋಡಲಿ ಎಂದುಕೊಂಡಳು. ಜೀವಮಾನದಲ್ಲಿ ಅಷ್ಟು ಹೆದರಿದ್ದು ಅವಳಿಗೆ ನೆನಪಿರಲಿಲ್ಲ.

ಮತ್ತೆ ಒತ್ತಿಸಿದಳು. ಗುರ್ ಎಂದಿತು, ತಡವರಿಸಿತು, ತಡವರಿಸುತ್ತಲೇ ಹಿಡಿದುಕೊಂಡಿತು. ಸದ್ದು ಮೆಲ್ಲಗೆ ಸಮನಾಯಿತು. ಅದರಲ್ಲಿ ಏದುಸಿರು ಇರಲಿಲ್ಲ. ಆಪರೇಟರ್ ಮೀಟರಿನ ಮುಳ್ಳು ಇಳಿಯುವುದನ್ನು ಬೆರಳಿಟ್ಟು ತೋರಿಸಿದ. ಒಳಗೆ ಅಳು ನಿಂತಿತ್ತು.

"ಮಲಗಿತು," ಎಂದು ಸುಗಲಾ ಪರದೆಯಿಂದ ತಲೆ ಹೊರಹಾಕಿ ಪಿಸುಗುಟ್ಟಿದಳು. ಅಕ್ಕನ ಅವತಾರ ನೋಡಿ ಅವಳಿಗೆ ನಗು ಬಂತು. ಮಹಾನಂದಾಳಿಗೆ ಅಳು ಬಂತು. ಅಷ್ಟು ಜನರೆದುರು ಅಳಲು ಅವಳಿಗೆ ನಾಚಿಕೆಯಾಗಲಿಲ್ಲ.

ಕೆಂಪು ದಿನ ಬಂತು. ಬಿಸಿಲು ಐವತ್ತನ್ನು ದಾಟಿತು. ರಸ್ತೆಯ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟಿತು, ಹಕ್ಕಿಗಳು ತಂಪುಮನೆಯ ಬಾಗಿಲ ನೆರಳಿಗೆ ಬಂದು ಕೂತವು. ಕಂಟ್ರೋಲ್ ರೂಮಿನಲ್ಲಿ ಜಾಗೀರದಾರ ಸಾಹೇಬರು ಊಟ ಬಿಟ್ಟು ಪರದೆಯ ಮುಂದೆ ನಿಂತೇ ಇದ್ದರು. ತೊಳೆದ ಬೆಳಗ್ಗೆ ಏಳದೇ ಉಳಿದಿದ್ದ ಯಂತ್ರಗಳು ಮೂರೋ ನಾಲ್ಕೋ. ಅಲ್ಲಿನ ಜನರನ್ನು ಆಗಲೇ ನೆರೆಯ ಓಣಿಗಳಿಗೆ ಹಂಚಿದ್ದರು, ನೆರೆಯವರು ಚಾಪೆ ಸರಿಸಿ ಜಾಗ ಮಾಡಿಕೊಟ್ಟಿದ್ದರು. ಉಳಿದ ಚುಕ್ಕೆಗಳು ನಡುಮಧ್ಯಾಹ್ನ ದಾಟಿದರೂ ಹಸಿರಾಗಿಯೇ ಇದ್ದವು. ಸಂಜೆ ಜನ ಎಂದಿನಂತೆ ಚಾಪೆ ಸುತ್ತಿಕೊಂಡು ಮನೆಗೆ ಹೋದರು. ಆ ವಾರ ಕಲಬುರಗಿಯಲ್ಲಿ ಬಿಸಿಲಿಗೆ ಒಂದು ಜೀವವೂ ಹೋಗಲಿಲ್ಲ.

ಏಳು ಜಿಲ್ಲೆಗಳ ಕುರ್ಚಿ ಬೇರೆಯವರ ಪಾಲಾಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಹಾನಂದಾಳಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅವಳು ಸಾಹೇಬರ ಕೋಣೆಗೆ ಹೋಗಿ, ಮಳೆಗಾಲದಲ್ಲಿ ನಾಡಿಯ ಬೀಗ ತೆಗೆದಾಗ ಅದಕ್ಕೆ ಒಂದು ಹೊಸ ಕೆಲಸ ಕಲಿಸಬೇಕು ಎಂದಳು.

"ಏನ್ ಕಲಿಸ್ತೀರಿ?"

"ಕೇಳೋದು ಕಲಿಸ್ತೀನಿ ಸಾಹೇಬ್ರ. ಇಷ್ಟು ದಿನ ಅದು ಬರೇ ಮಷೀನ್ ಮಾತು ಕೇಳ್ಯಾದ. ಇನ್ನ ಮ್ಯಾಲ ದಿನಾ ಸಂಜೀಕ ಆಪರೇಟರಿಗೂ ಕೇಳ್ಬೇಕು."

ಸಾಹೇಬರು ಒಪ್ಪಿದರು. ಮಳೆ ಹಿಡಿದುಕೊಂಡ ಮೇಲೆ ಒಂದು ಸಂಜೆ ಎಲ್ಲ ಆಪರೇಟರುಗಳ ಫೋನಿಗೂ ನಾಡಿಯಿಂದ ಒಂದೇ ಸಾಲಿನ ಪ್ರಶ್ನೆ ಹೋಯಿತು. 'ಇವತ್ತು ನನಗೆ ಹೇಳದೆ ಯಂತ್ರಕ್ಕೆ ಏನು ಮಾಡಿದಿರಿ?'

ಮೊದಮೊದಲು ಯಾರೂ ಉತ್ತರಿಸಲಿಲ್ಲ. ಯಾರನ್ನು ಹಿಡಿಯಲು ಒಡ್ಡಿದ ಬಲೆಯೋ ಎಂಬ ಅನುಮಾನ. ಆಮೇಲೆ ಒಬ್ಬ ಧೈರ್ಯ ಮಾಡಿದ. ಬಿಸಿಲು ಬೀಳುವ ಕಡೆ ಹೆಂಡತಿಯ ಹಳೇ ಸೀರೆ ಕಟ್ಟಿದ್ದೇನೆ ಎಂದ. ಹಿಂದೆಯೇ ಉಳಿದವರ ಬಾಯಿ ಬಿಚ್ಚಿತು. ಬೋಲ್ಟು ಸಡಿಲಾಗುತ್ತದೆಂದು ಒಬ್ಬ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದ. ಒಬ್ಬಳು ಇರುವೆ ಬರದಂತೆ ಸುತ್ತ ಅರಿಶಿನ ಹಾಕಿದ್ದಳು. ಇನ್ನೊಬ್ಬ ಸದ್ದು ಬದಲಾದಾಗ ಪೆಟ್ಟಿಗೆಗೆ ಎರಡು ಗುದ್ದು ಹಾಕುತ್ತಿದ್ದ. ಅವನಿಗೆ ಮಾತ್ರ ಮಹಾನಂದಾ ತಾನೇ ಫೋನು ಮಾಡಿ ಬೈದಳು. ಪ್ರತಿಯೊಂದನ್ನೂ ಓದಿ, ಉಪಯೋಗಕ್ಕೆ ಬರುವುದಕ್ಕೆಲ್ಲ ಒಂದು ಹೆಸರು, ಒಂದಿಷ್ಟು ವೇಳೆ ಕೊಟ್ಟು ಅವಳು ಮುಂದಿನ ತಿಂಗಳ ದುರಸ್ತಿ ಯೋಜನೆಯೊಳಗೆ ಸೇರಿಸುತ್ತಾ ಹೋದಳು.

ಎಲ್ಲರಿಗಿಂತ ತಡವಾಗಿ ಬಂದದ್ದು ಚಂದಮ್ಮನ ಉತ್ತರ.

'ಏನೂ ಮಾಡಿಲ್ರಿ. ಕೆಲಸ ಮುಗದ ಮ್ಯಾಲ ಸುಮ್ಮ ಅದರ ಬಾಜೂಕ ಸ್ವಲ್ಪ ಹೊತ್ತು ಕುಂತಿದ್ದೆ.'

ಇದನ್ನು ಏನು ಮಾಡಬೇಕೆಂದು ನಾಡಿಗೆ ತಿಳಿಯಲಿಲ್ಲ. 'ಕೆಲಸವಲ್ಲ, ಅಳಿಸಬಹುದೇ?' ಎಂದು ಮಹಾನಂದಾಳನ್ನು ಕೇಳಿತು. ಅವಳು ಬೇಡವೆಂದು ಒತ್ತಿದಳು. ದುರಸ್ತಿ ಯೋಜನೆಯಲ್ಲಿ ಗಂಜಿನ ಹೆಸರಿನ ಮುಂದೆ, ದಿನಾ ಸಂಜೆಗೆ, ಅದಕ್ಕೂ ಅರ್ಧ ಗಂಟೆ ಬರೆದಿಟ್ಟಳು.